ಪ್ರಾಥಮಿಕ ಶಾಲೆಯ ಓದು ಮತ್ತು ಕನ್ನಡ ವಿಭಾಗಗಳ ಹೊಣೆ

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಸ್ಥಿತಿಗತಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಮೂರು ನೆಲೆಗಳಲ್ಲಿ ನಡೆಯುತ್ತ ಬಂದಿದೆ. ಕಟ್ಟಡ, ಶೌಚಾಲಯ, ಬಿಸಿಯೂಟ ಮುಂತಾದ ಸೌಕರ್ಯಗಳದು ಒಂದು ನೆಲೆ. ಶಿಕ್ಷಕರ ಕೊರತೆ ಹಾಗೂ ಶಾಲೆಗಳ ವಿಲೀನದ್ದು ಇನ್ನೊಂದು. ಬೋಧನಾ ಮಾಧ್ಯಮದ್ದು ಮತ್ತೊಂದು. ಕನ್ನಡ ವಿದ್ವಾಂಸರು ದನಿಯೆತ್ತಿರುವುದು ಬಹುಮಟ್ಟಿಗೆ ಈ ಮೂರನೆಯ ನೆಲೆಯಲ್ಲಿ. ೧೯೮೦ರ ದಶಕದ ಗೋಕಾಕ್ ಚಳವಳಿಯಿಂದ ಹಿಡಿದು, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ೨೦೧೪ರ ಮೇ ತಿಂಗಳಲ್ಲಿ ನೀಡಿದ ತೀರ್ಪಿನವರೆಗೆ ಆ ದನಿ ಕೇಳಿಬಂದಿದೆ. ಆದರೆ ಯಾವ ಭಾಷೆಯಲ್ಲಿ ಕಲಿಸಬೇಕೆಂಬ ಪ್ರಶ್ನೆಯನ್ನು ಕೇಳಿದಷ್ಟು ಗಟ್ಟಿಯಾಗಿ, ಆ ಭಾಷೆಯನ್ನು ಓದುವುದನ್ನು ಮಗುವಿಗೆ ಹೇಗೆ ಕಲಿಸಬೇಕೆಂಬ ಪ್ರಶ್ನೆಯನ್ನು ಕನ್ನಡ ವಿಭಾಗಗಳು ಕೇಳಿಕೊಂಡಿಲ್ಲ. ಅದು ಶಿಕ್ಷಣಶಾಸ್ತ್ರದವರ ಕೆಲಸ, ಡಯಟ್‌ನವರ ಕೆಲಸ ಎಂಬ ಅಲಿಖಿತ ಒಪ್ಪಂದವೊಂದು ಜಾರಿಯಲ್ಲಿದೆ. ಹಿಂದುಳಿದ ಪ್ರಾಥಮಿಕ ಶಾಲೆಯೊಂದು ಚೇತರಿಸಿಕೊಳ್ಳುವುದು ಮುಖ್ಯವಾಗಿ ಅಲ್ಲಿನ ಮಕ್ಕಳು ಕನ್ನಡವನ್ನು ಓದಬಲ್ಲವರಾದಾಗ. ಹಾಗಾಗಿ ಆ ಚೇತರಿಕೆಗೆ ಬೇಕಾದ ತಿಳಿವಳಿಕೆಯ ದೊಡ್ಡ ಪಾಲು ಕನ್ನಡ ಭಾಷೆ ಮತ್ತು ಲಿಪಿಯನ್ನು ಕುರಿತದ್ದೇ ಆಗಿದೆ. ಮೇಲಿನ ಒಪ್ಪಂದವನ್ನು ಮುರಿಯಬೇಕೆನ್ನಲು ಇದೇ ಕಾರಣ.

ಶಾಲೆಯೊಂದು ‘ಹಿಂದುಳಿದಿದೆ’ ಎಂಬ ಮಾತನ್ನು ಅಳೆಯುವುದು ಹೇಗೆ? ಪ್ರಥಮ್ ಸಂಸ್ಥೆ ೨೦೦೫ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ವಿಧಾನ ತೀರ ಸರಳವಾದದ್ದು. ಸಮೀಕ್ಷಕರು ಹಳ್ಳಿಯ ಮನೆಗಳಿಗೆ ಹೋಗಿ ಮಗುವಿನ ಮುಂದೆ ಒಂದು ಹಾಳೆಯನ್ನು ಹಿಡಿಯುತ್ತಾರೆ. ಅದರಲ್ಲಿ ಬಿಡಿ ಅಕ್ಷರಗಳು, ಸರಳ ಪದಗಳು, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಒಂದು ಚಿಕ್ಕ ಕಥೆ ಇರುತ್ತವೆ. ಮಗು ಯಾವ ಹಂತದವರೆಗೆ ಓದಬಲ್ಲದೆಂಬುದನ್ನು ಗುರುತು ಹಾಕಿಕೊಳ್ಳುತ್ತಾರೆ. ಕರ್ನಾಟಕದ ಗ್ರಾಮೀಣ ಭಾಗದಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಈ ಕಥೆಯನ್ನು ಓದಬಲ್ಲವರು ೨೦೧೮ರ ಸುತ್ತಿನಲ್ಲಿಯೇ ಅರ್ಧಕ್ಕಿಂತ ಕಡಿಮೆಯಿದ್ದರು. ಕೊರೋನಾ ಕಾಲದ ಶಾಲಾ ಮುಚ್ಚುಗಡೆಯ ಬಳಿಕ ೨೦೨೨ರಲ್ಲಿ ನಡೆದ ಸುತ್ತಿನಲ್ಲಿ ಆ ಪ್ರಮಾಣ ಇನ್ನಷ್ಟು ಕುಸಿದಿತ್ತು. ಈ ಸಮೀಕ್ಷೆಯ ಮಾದರಿಯ ಬಗೆಗೆ, ಹಾಳೆಯ ಭಾಷೆಯ ಬಗೆಗೆ ಆಕ್ಷೇಪಗಳಿವೆ. ಅವುಗಳಲ್ಲಿ ಕೆಲವು ನ್ಯಾಯವೂ ಹೌದು. ಆದರೆ ತರಗತಿಯೊಳಗೆ ಕುಳಿತು ನೋಡಿದ ಯಾವ ಶಿಕ್ಷಕರೂ ಒಟ್ಟು ಚಿತ್ರ ಸುಳ್ಳೆಂದು ಹೇಳಲಾರರು.

ಮೂರನೆಯ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ. ನಾಲ್ಕರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಪರಿಸರ ಅಧ್ಯಯನದ ಪಾಠ, ಗಣಿತದ ಹೇಳಿಕೆ ಲೆಕ್ಕ, ಸಮಾಜ ವಿಜ್ಞಾನದ ಪುಟ ಎಲ್ಲವೂ ಅಲ್ಲಿಂದಾಚೆಗೆ ಕನ್ನಡದ ಓದೇ. ಹೇಳಿಕೆ ಲೆಕ್ಕದಲ್ಲಿ ಸೋತ ಮಗುವಿಗೆ ಅದೇ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಬಿಡಿಸುವುದುಂಟು. ಅದು ಸೋತದ್ದು ಗಣಿತದಲ್ಲಲ್ಲ. ಐದನೆಯ ತರಗತಿಯಲ್ಲಿ ಎಲ್ಲ ವಿಷಯಗಳಲ್ಲೂ ಹಿಂದುಳಿದಂತೆ ಕಾಣುವ ಮಗು ಹಲವು ವೇಳೆ ಒಂದೇ ಒಂದು ವಿಷಯದಲ್ಲಿ ಹಿಂದುಳಿದಿರುತ್ತದೆ. ಐದು, ಎಂಟು ಮುಂತಾದ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸಬೇಕೇ ಬೇಡವೇ ಎಂಬ ವಿವಾದ ೨೦೨೩ ಮತ್ತು ೨೦೨೪ರಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಿತು. ಪರೀಕ್ಷೆಯ ಪರ ವಿರೋಧಗಳೆರಡರಲ್ಲೂ ತಥ್ಯವಿತ್ತು. ಪ್ರಶ್ನೆಪತ್ರಿಕೆಯನ್ನು ಓದಲಾರದ ಮಗುವಿಗೆ ಆ ಪ್ರಶ್ನೆಪತ್ರಿಕೆ ಏನನ್ನು ಅಳೆಯುತ್ತದೆ ಎಂಬ ಮಾತು ಮಾತ್ರ ಎರಡೂ ಕಡೆಯಿಂದ ಬರಲಿಲ್ಲ.

ಕನ್ನಡವನ್ನು ಓದಲು ಕಲಿಯುವುದು ಸುಲಭ, ಬರೆದಂತೆ ಓದುವ ಭಾಷೆ ಅದು ಎಂಬ ನಂಬಿಕೆ ವಿದ್ವತ್ ವಲಯದಲ್ಲಿ ಬಲವಾಗಿದೆ. ಕಲಿತವರ ಪಾಲಿಗೆ ಈ ಮಾತು ನಿಜ. ಆರು ವರ್ಷದ ಮಗುವಿನ ಪಾಲಿಗೆ ಅರ್ಧಸತ್ಯ. ಇಂಗ್ಲಿಷ್ ಕಲಿಯುವ ಮಗುವಿನ ಮುಂದಿರುವುದು ೨೬ ಅಕ್ಷರಗಳು. ಕನ್ನಡದ ಮಗುವಿನ ಮುಂದೆ ೧೩ ಸ್ವರ, ೩೪ ವ್ಯಂಜನ, ಎರಡು ಯೋಗವಾಹಗಳಿವೆ. ಕಾಗುಣಿತವನ್ನು ಸೇರಿಸಿದರೆ ರೂಪಗಳ ಸಂಖ್ಯೆ ಐನೂರರ ಹತ್ತಿರಕ್ಕೆ ಹೋಗುತ್ತದೆ. ಒತ್ತಕ್ಷರಗಳು ಅದರಾಚೆಗೆ ಇವೆ. ಕನ್ನಡದ ಓದಿನ ಕಲಿಕೆಯನ್ನು ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾಗುತ್ತದೆ. ಇಂಗ್ಲಿಷಿನ ಅಕ್ಷರಗಳ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿದುಹೋದರೆ ಕನ್ನಡದ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆಂಬುದು ಅದರ ಒಂದು ನಿಷ್ಕರ್ಷೆ. ಮೂರನೆಯ ತರಗತಿಯಲ್ಲಿ ಒತ್ತಕ್ಷರಗಳಲ್ಲಿ ಎಡವುವ ಮಗು ದಡ್ಡ ಮಗುವೇನಲ್ಲ; ಲಿಪಿಯ ಸ್ವಭಾವಕ್ಕೆ ತಕ್ಕ ವೇಗದಲ್ಲಿ ಅದು ಸಾಗುತ್ತಿದೆ. ಆದರೆ ಒಂದೆರಡು ವರ್ಷಗಳಲ್ಲಿ ಅಕ್ಷರಾಭ್ಯಾಸ ಮುಗಿಯಿತೆಂದು ಭಾವಿಸುವ ಶಾಲೆ ಆ ಮಗುವನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ನಡೆದುಬಿಡುತ್ತದೆ.

ಒತ್ತಕ್ಷರದ ತೊಡಕು ಎಂಥದೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ‘ಶಕ್ತಿ’ ಎಂಬ ಪದದಲ್ಲಿ ಇಕಾರವನ್ನು ಉಚ್ಚರಿಸುವುದು ತಕಾರದ ನಂತರ. ಬರೆಯುವುದು ಮಾತ್ರ ಕಕಾರದ ತಲೆಯ ಮೇಲೆ. ಎಡದಿಂದ ಬಲಕ್ಕೆ ನಿಷ್ಠೆಯಿಂದ ಓದುವ ಮಗು ‘ಶಕಿತ’ ಎಂದೇ ಓದುತ್ತದೆ, ಮತ್ತು ತಾನು ಕಲಿತ ನಿಯಮದ ಪ್ರಕಾರ ಅದು ಸರಿಯಾಗಿಯೇ ಓದಿದೆ. ‘ಸೂರ್ಯ’ದಲ್ಲಿ ರೇಫ ಉಚ್ಚಾರಣೆಯಲ್ಲಿ ಮೊದಲು, ಬರಹದಲ್ಲಿ ಕೊನೆಗೆ. ‘ಪ್ರಾಣ’ದಲ್ಲಿ ಅದೇ ರಕಾರ ಇನ್ನೊಂದು ರೂಪ ತಾಳಿ ಕೆಳಗೆ ಇಳಿಯುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲಾಕ್ಷರವನ್ನು ಹೋಲುವುದಿಲ್ಲ. ಇವೆಲ್ಲ ಉನ್ನತ ಶಬ್ದಸಂಪತ್ತಿಗೆ ಸೇರಿದ ತೊಡಕುಗಳೆಂದು ತಳ್ಳಿಹಾಕುವಂತೆಯೂ ಇಲ್ಲ. ಅಮ್ಮ, ಅಪ್ಪ, ಅಕ್ಕ, ತಮ್ಮ, ಅನ್ನ, ಹಳ್ಳಿ, ಎಮ್ಮೆ, ಬೆಕ್ಕು, ಹಣ್ಣು ಹೀಗೆ ಮಗುವಿಗೆ ಎಲ್ಲಕ್ಕಿಂತ ಹತ್ತಿರದ ಪದಗಳೇ ಒತ್ತಕ್ಷರದ ಪದಗಳು. ಸರಳ ಪದಗಳು ಮೊದಲು, ಒತ್ತಕ್ಷರಗಳು ಕೊನೆಗೆ ಎಂಬ ರೂಢಿಯ ಕ್ರಮದಲ್ಲಿ ಮಗು ತನ್ನ ಮನೆಯವರ ಹೆಸರುಗಳನ್ನು ಓದಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಸಜಾತೀಯ ಒತ್ತುಗಳನ್ನು ಬೇಗನೆ ತಂದು, ವಿಜಾತೀಯ ಒತ್ತುಗಳನ್ನು ನಿಧಾನವಾಗಿ, ನಾಲ್ಕನೆಯ ತರಗತಿಯವರೆಗೂ ಹಂಚಿಕೊಂಡು ಕಲಿಸಬೇಕೆಂಬ ತೀರ್ಮಾನಕ್ಕೆ ಬರಲು ಶಿಕ್ಷಣಶಾಸ್ತ್ರದ ಪದವಿ ಬೇಕಾಗಿಲ್ಲ. ಲಿಪಿಯನ್ನು ಕಲಿಯುವವರ ಕಣ್ಣಿನಿಂದ ಒಮ್ಮೆ ನೋಡಿದರೆ ಸಾಕು.

ಹಾಗೆ ನೋಡುವ ಒಂದು ಪ್ರಯತ್ನ ಕರ್ನಾಟಕದಲ್ಲಿಯೇ ನಡೆದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಬಿನಿ ಹಿನ್ನೀರು ಮತ್ತು ಕಾಡಿನ ಅಂಚಿನ ಪ್ರದೇಶ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳ ಹಾಡಿಗಳು ಅಲ್ಲಿವೆ. ಒಬ್ಬಿಬ್ಬರು ಶಿಕ್ಷಕರು ನಾಲ್ಕೈದು ತರಗತಿಗಳನ್ನು ನಡೆಸಬೇಕಾದ ಶಾಲೆಗಳು, ಕೆಲಸದ ಕಾಲಕ್ಕೆ ಶಾಲೆ ಬಿಡುವ ಮಕ್ಕಳು, ಮನೆಯ ನುಡಿಗೂ ಪುಸ್ತಕದ ನುಡಿಗೂ ನಡುವಿನ ಅಂತರ, ಹೀಗೆ ಹಿಂದುಳಿದ ಶಾಲೆಯ ಎಲ್ಲ ಲಕ್ಷಣಗಳೂ ಅಲ್ಲಿದ್ದವು. ೧೯೯೫ರಲ್ಲಿ ಯುನಿಸೆಫ್ ನೆರವಿನೊಂದಿಗೆ ಅಲ್ಲಿನ ಶಿಕ್ಷಕರ ಒಂದು ಗುಂಪನ್ನು ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯಿರುವ ರಿಷಿವ್ಯಾಲಿಗೆ ಕಳುಹಿಸಲಾಯಿತು. ರಿಷಿವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ಹಲವು ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವ ಉಪಗ್ರಹ ಶಾಲೆಗಳ ವಿಧಾನವನ್ನು ರೂಪಿಸಿದ್ದರು. ಅದನ್ನು ಕಂಡು ಬಂದ ಶಿಕ್ಷಕರು ಅಲ್ಲಿನ ಸಾಮಗ್ರಿಯನ್ನು ನಕಲು ಮಾಡಲಿಲ್ಲ. ತಮ್ಮ ತಾಲ್ಲೂಕಿನ ಹಾಡು, ಕಥೆ, ಆಟಗಳನ್ನು ಕೂಡಿಹಾಕಿ, ಕಲಿಕೆಯನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ‘ನಲಿ-ಕಲಿ’ ಹುಟ್ಟಿದ್ದು ಹೀಗೆ.

ನಲಿ-ಕಲಿಯ ಬಗೆಗೆ ಬರೆದವರು ಅದರ ಹಾಡು ಕುಣಿತ, ಚಪ್ಪರ, ವೃತ್ತಾಕಾರದ ಕುಳಿತುಕೊಳ್ಳುವಿಕೆ ಇವುಗಳನ್ನೇ ಎತ್ತಿ ಹೇಳಿದ್ದಾರೆ. ಕನ್ನಡದ ಅಧ್ಯಾಪಕರ ಗಮನ ಸೆಳೆಯಬೇಕಾದ ಸಂಗತಿ ಬೇರೆಯದು. ಅದು ಅಕ್ಷರಗಳ ಕ್ರಮ. ನಲಿ-ಕಲಿಯ ಮಗು ಅ, ಆ, ಇ, ಈ ಎಂದು ಆರಂಭಿಸಲಿಲ್ಲ. ರ, ಗ, ಸ, ದ, ಅ ಎಂದು ಆರಂಭಿಸಿತು. ಈ ಐದು ಅಕ್ಷರಗಳು ಕೈಗೆ ಬಂದ ಕೂಡಲೇ ಸರ, ಅರಸ, ಅಗಸ, ದಸರ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ‘ಗದಗ’ ಎಂಬ ಊರ ಫಲಕವನ್ನೂ ಓದಬಲ್ಲದು. ವರ್ಣಮಾಲೆಯ ಕ್ರಮದಲ್ಲಿ ಹದಿಮೂರು ಸ್ವರಗಳನ್ನು ಕಲಿತ ಮಗು ‘ಆ’, ‘ಈ’ ಎಂಬ ಒಂಟಿ ಅಕ್ಷರಗಳನ್ನು ಬಿಟ್ಟರೆ ಹೆಚ್ಚುಕಡಿಮೆ ಒಂದು ಪದವನ್ನೂ ಓದಲಾರದು. ಏಕೆಂದರೆ ಬಿಡಿ ಸ್ವರಾಕ್ಷರಗಳು ಕನ್ನಡದಲ್ಲಿ ಬರುವುದು ಬಹುತೇಕ ಪದದ ಮೊದಲಲ್ಲಿ ಮಾತ್ರ. ಮುಂದೆ ಕವರ್ಗಕ್ಕೆ ಹೋದರೆ ಕಕಾರದ ಬೆನ್ನಿಗೇ ಖಕಾರ, ಗಕಾರದ ಬೆನ್ನಿಗೇ ಘಕಾರ, ಕೊನೆಗೆ ಯಾವ ಕನ್ನಡ ಪುಸ್ತಕದಲ್ಲೂ ಬಿಡಿಯಾಗಿ ಸಿಗದ ಙಕಾರ. ಈ ಕ್ರಮ ಬದಲಾದಾಗ ಸಾಂಪ್ರದಾಯಿಕ ವಿದ್ವಾಂಸರ ಅಸಮಾಧಾನ ಸಹಜವೇ ಆಗಿತ್ತು. ಉಚ್ಚಾರಣಾ ಸ್ಥಾನಕ್ಕನುಗುಣವಾಗಿ ಜೋಡಿಸಿದ ವರ್ಣಮಾಲೆ ಜಗತ್ತಿನ ಭಾಷಾಚಿಂತನೆಯ ಮಹತ್ತಾದ ಸಾಧನೆಗಳಲ್ಲಿ ಒಂದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಭಾಷೆಯನ್ನು ಬಲ್ಲವನು ಅದರ ಧ್ವನಿಗಳನ್ನು ವಿಂಗಡಿಸಿದ ಕ್ರಮ. ಓದು ಬಾರದವನು ಓದಿನೊಳಗೆ ಕಾಲಿಡುವ ಕ್ರಮ ಅದೇ ಆಗಿರಬೇಕೆಂದು ಕೇಶಿರಾಜನೂ ಹೇಳಿಲ್ಲ. ನಾಲ್ಕನೆಯ ತರಗತಿಯಲ್ಲಿ, ಓದು ಕೈಗೂಡಿದ ಮೇಲೆ, ಮಗುವಿಗೆ ವರ್ಣಮಾಲೆಯ ಸೊಗಸನ್ನು ತೋರಿಸಲು ಯಾರ ಅಡ್ಡಿಯೂ ಇಲ್ಲ.

೨೦೦೯-೧೦ರಲ್ಲಿ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಲಾಯಿತು. ವಿಸ್ತರಣೆಯಲ್ಲಿ ಕಳೆದುಹೋದದ್ದೇನೆಂಬುದನ್ನು ಮರೆಮಾಚಬೇಕಾಗಿಲ್ಲ. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳಿಗಾಗಿ ಬರೆದ ಕಾರ್ಡು ಇಡೀ ರಾಜ್ಯಕ್ಕೆ ಅಚ್ಚಾಗಿ ಬಂದಾಗ ಅದು ಮತ್ತೊಂದು ಪಠ್ಯಪುಸ್ತಕವಾಯಿತು. ಕೋಟೆಯ ಶಿಕ್ಷಕರು ಪ್ರತಿ ಮೆಟ್ಟಿಲು ಏಕಿದೆಯೆಂದು ಬಲ್ಲವರಾಗಿದ್ದರು. ಆದೇಶದ ಮೂಲಕ ಅದನ್ನು ಪಡೆದವರು ಯಾವ ಮೆಟ್ಟಿಲಿಗೆ ಯಾವ ಗುರುತು ಹಾಕಬೇಕೆಂಬುದನ್ನು ಬಲ್ಲವರಾದರು. ಕಲಿಕಾ ಏಣಿ, ಮೈಲಿಗಲ್ಲು, ಪ್ರಗತಿ ನೋಟಗಳ ದಾಖಲೆ ತುಂಬುವ ಕೆಲಸ ಓದಿಸುವ ಕೆಲಸದ ಸಮಯವನ್ನು ನುಂಗಿತೆಂಬ ದೂರು ಶಿಕ್ಷಕರಿಂದ ಮೇಲಿಂದ ಮೇಲೆ ಬಂದಿದೆ. ನಲಿ-ಕಲಿಯ ಕೋಣೆಯಿಂದ ಹೊರಬಂದ ಮಗು ನಾಲ್ಕನೆಯ ತರಗತಿಯಲ್ಲಿ ಹಠಾತ್ತನೆ ಬೆಂಚು, ಪಠ್ಯಪುಸ್ತಕ, ಘಟಕ ಪರೀಕ್ಷೆಗಳ ಲೋಕಕ್ಕೆ ಬೀಳುತ್ತದೆಂಬುದೂ ನಿಜ. ಆದರೆ ಈ ಸೋಲುಗಳನ್ನು ನೋಡಿ ಅಕ್ಷರಕ್ರಮವೇ ತಪ್ಪೆಂದು, ಹಳೆಯ ‘ಅ ಆ ಇ ಈ’ಗೆ ಮರಳಿದರೆ ಎಲ್ಲ ಸರಿಹೋಗುವುದೆಂದು ವಾದಿಸುವುದು ರೋಗವನ್ನು ಬಿಟ್ಟು ಹಾಸಿಗೆಗೆ ಮದ್ದು ಹಾಕಿದಂತೆ. ಹಳೆಯ ಕ್ರಮದಲ್ಲಿ ಎಲ್ಲರೂ ಓದು ಕಲಿತರೆಂಬ ನೆನಪು ಕಲಿತವರ ನೆನಪು ಮಾತ್ರ. ಕಲಿಯದೆ ಎರಡನೆಯ ತರಗತಿಗೇ ಶಾಲೆ ಬಿಟ್ಟವರು ಲೇಖನ ಬರೆದಿಲ್ಲ.

ಲಿಪಿಯ ತೊಡಕಿನ ಜತೆಗೆ ನುಡಿಯ ತೊಡಕೂ ಇದೆ, ಇದರ ಬಗೆಗೆ ಕನ್ನಡ ವಿಭಾಗಗಳಿಗೆ ಇನ್ನೂ ಹೆಚ್ಚಿನ ಅಧಿಕಾರವಿದೆ. ಧಾರವಾಡದ ಕಡೆಯ ಮಗುವಿನ ಮುಂದೆ ‘ಮನೆ’ ಎಂಬ ಪದವನ್ನು ಹಿಡಿದಾಗ ಅದು ‘ಮನಿ’ ಎಂದು ಓದಬಹುದು. ಹಳೆಯ ಮೈಸೂರಿನ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಓದಬಹುದು. ‘ಬೇರೆ’ ಎಂಬುದು ‘ಬ್ಯಾರೆ’ ಆಗಬಹುದು. ಇವು ಓದಿನ ತಪ್ಪುಗಳೇ? ‘ಮನೆ’ಯನ್ನು ‘ಮನಿ’ ಎಂದ ಮಗು ಅಕ್ಷರಗಳನ್ನು ಗುರುತಿಸಿದೆ, ಪದವನ್ನು ಹಿಡಿದಿದೆ, ಅರ್ಥವನ್ನು ತನ್ನದಾಗಿಸಿಕೊಂಡಿದೆ. ಕೊನೆಗೆ ತನ್ನ ನುಡಿಯಲ್ಲಿ ಆಡಿದೆ. ‘ಮನೆ’ಯನ್ನು ‘ನಮೆ’ ಎಂದೋ ‘ಮೆನ’ ಎಂದೋ ಓದಿದ ಮಗುವಿನ ಸ್ಥಿತಿ ಬೇರೆಯದೇ. ಮೊದಲನೆಯ ಮಗುವಿಗೆ ಬೇಕಾದದ್ದು ಹೆಚ್ಚಿನ ಓದು. ಎರಡನೆಯದಕ್ಕೆ ಬೇಕಾದದ್ದು ಅಕ್ಷರಗಳ ಮರುಕಲಿಕೆ. ತರಗತಿಯಲ್ಲಿ ಇಬ್ಬರಿಗೂ ಸಿಗುವುದು ಒಂದೇ ತಿದ್ದುಪಡಿ, ಹಲವು ವೇಳೆ ಒಂದೇ ಗದರಿಕೆ. ಬೇರೆ ಜಿಲ್ಲೆಯಿಂದ ನೇಮಕವಾಗಿ ಬಂದ ಶಿಕ್ಷಕರಿಗೆ ಆ ಊರಿನ ನುಡಿಯ ಸ್ವರವ್ಯತ್ಯಾಸಗಳು ಗೊತ್ತಿರಬೇಕೆಂದು ನಿರೀಕ್ಷಿಸುವಂತಿಲ್ಲ. ಅದನ್ನು ತಿಳಿಸಿಕೊಡುವವರು ಬೇಕು. ಇನ್ನು ಲಂಬಾಣಿ ತಾಂಡಾ, ಗಡಿಭಾಗದ ತೆಲುಗು ಮರಾಠಿ ಮನೆಗಳು, ತುಳು ಕೊಂಕಣಿ ಮನೆಗಳು, ಕೋಟೆಯ ಹಾಡಿಗಳ ಮಕ್ಕಳಿಗೆ ಪಠ್ಯದ ಕನ್ನಡ ವ್ಯತ್ಯಸ್ತ ರೂಪವಲ್ಲ, ಎರಡನೆಯ ಭಾಷೆಯೇ. ಕನ್ನಡ ಮಾಧ್ಯಮವನ್ನು ಮಾತೃಭಾಷಾ ಮಾಧ್ಯಮವೆಂದು ಸಾರಾಸಗಟಾಗಿ ಕರೆಯುವ ವಾಡಿಕೆ ಈ ಮಕ್ಕಳನ್ನು ಲೆಕ್ಕದಿಂದಲೇ ಬಿಟ್ಟಿದೆ.

ಹಾಗಾದರೆ ಸೋತ ಶಾಲೆಯೊಂದು ಮಾಡಬೇಕಾದ್ದೇನು? ಇದಕ್ಕೆ ಉತ್ತರ ನಿಗೂಢವೇನಲ್ಲ, ದುಬಾರಿಯೂ ಅಲ್ಲ. ಶಾಲೆಯ ಆರಂಭದಲ್ಲಿ ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಓದಿಸಿ ನೋಡಬೇಕು. ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ದಿನಕ್ಕೆ ಒಂದು ಗಂಟೆಯ ಮಟ್ಟಿಗೆ ಮರೆತು, ಅದು ಯಾವ ಹಂತದಲ್ಲಿ ಓದುತ್ತಿದೆಯೋ ಆ ಹಂತದ ಗುಂಪಿನಲ್ಲಿ ಕೂರಿಸಬೇಕು. ಮುಖ್ಯಶಿಕ್ಷಕರೂ ಸೇರಿದಂತೆ ಶಾಲೆಯ ಪ್ರತಿಯೊಬ್ಬರೂ ಆ ಗಂಟೆಯಲ್ಲಿ ಒಂದೊಂದು ಗುಂಪನ್ನು ವಹಿಸಿಕೊಳ್ಳಬೇಕು. ಪ್ರಥಮ್ ಸಂಸ್ಥೆಯ ಸಹಯೋಗದ ‘ಓದು ಕರ್ನಾಟಕ’ ಕಾರ್ಯಕ್ರಮ ನಾಲ್ಕು ಐದನೆಯ ತರಗತಿಗಳಲ್ಲಿ ಇದನ್ನೇ ಮಾಡಲು ಹೊರಟಿತ್ತು. ಈ ವಿಧಾನದ ಫಲಾಫಲವನ್ನು ಹಲವು ರಾಜ್ಯಗಳಲ್ಲಿ ಪರಿಶೀಲಿಸಿದವರಲ್ಲಿ ೨೦೧೯ರ ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೊ ಅವರೂ ಸೇರಿದ್ದಾರೆ. ಅವರ ಅಧ್ಯಯನಗಳಲ್ಲಿ ಕಂಡ ಒಂದು ವ್ಯತ್ಯಾಸ ಎಲ್ಲ ತರಬೇತಿ ಸಂಯೋಜಕರ ಮೇಜಿನ ಮೇಲೆ ಇರಬೇಕಾದದ್ದು. ಬಿಹಾರ, ಉತ್ತರಾಖಂಡಗಳಲ್ಲಿ ಶಿಕ್ಷಕರಿಗೆ ತರಬೇತಿಯನ್ನೂ ಸಾಮಗ್ರಿಯನ್ನೂ ಕೊಟ್ಟು ಉಳಿದದ್ದನ್ನು ಹಾಗೆಯೇ ಬಿಟ್ಟಾಗ ಮಕ್ಕಳ ಓದಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಹರಿಯಾಣದಲ್ಲಿ ವೇಳಾಪಟ್ಟಿಯಲ್ಲಿಯೇ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಟ್ಟು, ಮೇಲ್ವಿಚಾರಕರು ಶಾಲೆಗೆ ಬಂದು ಬೆಂಬಲಿಸಿದಾಗ ಓದು ಸುಧಾರಿಸಿತು. ತರಬೇತಿ ಪಡೆದ ಶಿಕ್ಷಕ ಹಳೆಯ ವೇಳಾಪಟ್ಟಿಗೆ ಮರಳಿದರೆ ಆ ತರಬೇತಿ ಕಡತದಲ್ಲಿ ಉಳಿಯುತ್ತದೆ.

ಈ ಒಂದು ಗಂಟೆಯನ್ನು ಕಾಯುವುದೇ ಕಷ್ಟದ ಕೆಲಸ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವುಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಬಿಸಿಯೂಟದ ಲೆಕ್ಕ, ಅಂತರ್ಜಾಲಕ್ಕೆ ಏರಿಸಬೇಕಾದ ಮಾಹಿತಿ, ವಾರಕ್ಕೊಂದು ದಿನಾಚರಣೆ ಇವೆಲ್ಲ ಆ ಕಾಯಿದೆಯ ದೃಷ್ಟಿಯಲ್ಲಿ ಶಿಕ್ಷಣೇತರ ಹೌದೋ ಅಲ್ಲವೋ, ಇಬ್ಬರು ಶಿಕ್ಷಕರ ಶಾಲೆಯಲ್ಲಿ ಓದಿನ ಗಂಟೆಯನ್ನು ತಿನ್ನುವುದಂತೂ ಇವೇ. ಓದಿನ ಗಂಟೆಗೆ ಪುಸ್ತಕಗಳೂ ಬೇಕು. ಶಾಲಾ ಗ್ರಂಥಾಲಯದ ಹೆಸರಿನಲ್ಲಿ ಬಂದ ಪುಸ್ತಕಗಳು ಹರಿದುಹೋದರೆ ಲೆಕ್ಕ ಕೊಡಬೇಕಾದೀತೆಂಬ ಭಯದಿಂದ ಬೀರುವಿನಲ್ಲಿ ಭದ್ರವಾಗಿರುವ ಶಾಲೆಗಳು ಅಪರೂಪವಲ್ಲ. ಹರಿದ ಪುಸ್ತಕವನ್ನು ಓದಿನ ಸಾಕ್ಷಿಯೆಂದು ಒಪ್ಪುವ ಲೆಕ್ಕಪರಿಶೋಧನೆ ಬರುವವರೆಗೆ ಈ ಭಯ ಹೋಗದು.

ಓದು ಎಂಬುದನ್ನು ಅಕ್ಷರ ಕೂಡಿಸಿ ಉಚ್ಚರಿಸುವ ಯಾಂತ್ರಿಕ ಕೌಶಲಕ್ಕೆ ಇಳಿಸಲಾಗುತ್ತಿದೆ ಎಂಬ ಆಕ್ಷೇಪ ಇಲ್ಲಿ ಬರಬಹುದು. ಅರ್ಥವಿಲ್ಲದ ಓದು ಓದಲ್ಲ, ಒಪ್ಪತಕ್ಕ ಮಾತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅರ್ಥಕ್ಕೆ, ಮಗುವಿನ ಅನುಭವಕ್ಕೆ ಕೊಟ್ಟ ಒತ್ತು ಅಗತ್ಯವೇ ಆಗಿತ್ತು. ಆದರೆ ಒಂದು ಸಾಲಿನ ಕೊನೆಯನ್ನು ತಲುಪುವಷ್ಟರಲ್ಲಿ ಅದರ ಮೊದಲನ್ನು ಮರೆಯುವಷ್ಟು ನಿಧಾನವಾಗಿ ಅಕ್ಷರ ಕೂಡಿಸುವ ಮಗುವಿಗೆ ಅರ್ಥ ದಕ್ಕುವುದು ಎಲ್ಲಿಂದ? ಮಗುವಿಗೆ ಕಥೆಯನ್ನು ಓದಿ ಹೇಳುವುದೂ ಲಿಪಿಯನ್ನು ಶ್ರದ್ಧೆಯಿಂದ ಕಲಿಸುವುದೂ ಒಂದೇ ದಿನದ ಎರಡು ಕೆಲಸಗಳು. ಅವುಗಳನ್ನು ಎರಡು ಪಂಥಗಳನ್ನಾಗಿ ಮಾಡಿಕೊಂಡ ಜಗಳ ಬೇರೆ ಭಾಷೆಯ ಬೇರೆ ಲಿಪಿಯ ದೇಶಗಳಿಂದ ಎರವಲಾಗಿ ಬಂದದ್ದು.

ಇನ್ನೊಂದು ಆಕ್ಷೇಪ ಇಂಗ್ಲಿಷಿನದು. ೨೦೧೯-೨೦ರಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳು ಆರಂಭವಾದವು. ಪೋಷಕರು ಬಯಸುವುದು ಇಂಗ್ಲಿಷನ್ನಾದ್ದರಿಂದ ಕನ್ನಡದ ಓದನ್ನು ಉತ್ತಮಪಡಿಸಿ ಶಾಲೆಯನ್ನು ಉಳಿಸಲಾಗದು ಎಂಬುದು ವಾದ. ಪೋಷಕರ ಬಯಕೆಯನ್ನು ಹಳಿದು ಪ್ರಯೋಜನವಿಲ್ಲ. ಕೂಲಿ ಮಾಡುವ ತಾಯಿ ಹೆಚ್ಚು ಹಣ ತೆತ್ತು ಮಗುವನ್ನು ಖಾಸಗಿ ಶಾಲೆಗೆ ಕಳುಹಿಸುವುದರ ಹಿಂದೆ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿಯ ಪಕ್ಕದ ಮನೆಯ ಹುಡುಗ ಬಸ್ಸಿನ ಬೋರ್ಡನ್ನು ಓದಲಾರದ್ದನ್ನು ಕಂಡ ಅನುಭವವಿರುತ್ತದೆ. ಮಾಧ್ಯಮದ ಪ್ರಶ್ನೆಯಂತೆ ತೋರುವ ಇದರ ಬೇರು ಬಹುಪಾಲು ಬೋಧನೆಯ ಗುಣಮಟ್ಟದಲ್ಲಿದೆ. ತನ್ನ ಬಾಯಲ್ಲಿರುವ ಭಾಷೆಯಲ್ಲಿಯೇ ಓದು ಬಾರದ ಮಗುವಿಗೆ ಬಾಯಲ್ಲಿಲ್ಲದ ಭಾಷೆಯಲ್ಲಿ ಓದು ಬರುವುದು ಇನ್ನೂ ಕಷ್ಟ. ಆ ಕಷ್ಟದ ಫಲ ಕೈಗೆ ಬರುವ ಹೊತ್ತಿಗೆ ಕನ್ನಡ ಮಾಧ್ಯಮದ ವಿಭಾಗ ಮುಚ್ಚಿರುತ್ತದೆ. ಕನ್ನಡ ಎಂ.ಎ. ತರಗತಿಗೆ ವಿದ್ಯಾರ್ಥಿಗಳು ಬರುತ್ತಿಲ್ಲವೆಂದು ಚಿಂತಿಸುವ ವಿಭಾಗಗಳಿಗೆ ಈ ಸರಪಳಿಯ ಮೊದಲ ಕೊಂಡಿ ಎಲ್ಲಿದೆಯೆಂಬುದು ಕಾಣಬೇಕು.

ಕನ್ನಡದ ಹಿರಿಯರು ಪ್ರಾಥಮಿಕ ಶಾಲೆಯನ್ನು ತಮ್ಮ ಅಂತಸ್ತಿಗೆ ಕಡಿಮೆಯದೆಂದು ಭಾವಿಸಿದವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರು ಮುಂಬಯಿ ಕರ್ನಾಟಕದಲ್ಲಿ ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಿದ್ದು ಶಿಕ್ಷಣ ಇಲಾಖೆಯ ಅಧಿಕಾರಿಯಾಗಿ. ಪಂಜೆ ಮಂಗೇಶರಾಯರು ದಕ್ಷಿಣ ಕನ್ನಡದ ಶಾಲೆಗಳ ಇನ್‌ಸ್ಪೆಕ್ಟರರಾಗಿದ್ದು, ಮಕ್ಕಳ ವಾಚಕಗಳಿಗಾಗಿ ಹಾಡು ಕಥೆಗಳನ್ನು ಬರೆದವರು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ರಚಿಸಿದರು. ಇವರಾರೂ ವಿಶ್ವವಿದ್ಯಾಲಯದ ವಿಭಾಗಗಳ ಪ್ರತಿನಿಧಿಗಳಲ್ಲವೆಂಬುದು ಗಮನಿಸಬೇಕಾದ ಸಂಗತಿ. ವಿಭಾಗಗಳು ಬೆಳೆದಂತೆ ಶಾಸನ, ಹಸ್ತಪ್ರತಿ, ಜಾನಪದ, ವಿಮರ್ಶೆಗಳಲ್ಲಿ ಸಂಪತ್ತು ಕೂಡಿತು. ಮಗುವಿನ ಕನ್ನಡ ಮಾತ್ರ ಸಂಶೋಧನೆಯ ವಿಷಯಪಟ್ಟಿಯಲ್ಲಿ ಅಪರೂಪವಾಗಿ ಉಳಿಯಿತು.

ಲಿಪಿಯ ಬಗೆಗೆ ವಿದ್ವತ್ ವಲಯದಲ್ಲಿ ಇತ್ತೀಚಿನ ದಶಕಗಳಲ್ಲಿ ನಡೆದ ದೊಡ್ಡ ವಾಗ್ವಾದವೆಂದರೆ ಡಿ.ಎನ್. ಶಂಕರಭಟ್ಟರ ‘ಕನ್ನಡ ಬರಹವನ್ನು ಸರಿಪಡಿಸೋಣ’ ಎಂಬ ೨೦೦೫ರ ಕೃತಿಯ ಸುತ್ತಲಿನದು. ಮಹಾಪ್ರಾಣಗಳನ್ನು ಬಿಡಬೇಕೆಂಬ ಅವರ ಸಲಹೆಯ ಪರ ವಿರೋಧಗಳು ಕನ್ನಡದ ಅಸ್ಮಿತೆ, ಸಂಸ್ಕೃತದ ಸಂಬಂಧ, ಪರಂಪರೆಯ ಭವಿಷ್ಯ ಇವುಗಳ ಸುತ್ತ ಸುತ್ತಿದವು. ಬರಹವನ್ನು ಎಲ್ಲರಿಗೂ ಸುಲಭವಾಗಿಸಬೇಕೆಂಬುದು ಶಂಕರಭಟ್ಟರ ಮುಖ್ಯ ಕಾಳಜಿಗಳಲ್ಲಿ ಒಂದಾಗಿತ್ತು. ಅದಕ್ಕೆ ಒಂದನೆಯ ತರಗತಿಗಿಂತ ತಕ್ಕ ಸ್ಥಳವಿಲ್ಲ. ಮಹಾಪ್ರಾಣಗಳು ಇರಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸದೆಯೂ ಅವುಗಳನ್ನು ಎಂದು ಕಲಿಸಬೇಕೆಂಬುದನ್ನು ತೀರ್ಮಾನಿಸಬಹುದಿತ್ತು. ದ-ಧ, ಪ-ಫ, ಡ-ಢ ಜೋಡಿಗಳನ್ನು ಒಂದು ಪುಟ್ಟ ಗೆರೆ ಬೇರ್ಪಡಿಸುತ್ತದೆ. ಹಲವು ಕಡೆಗಳ ಮಕ್ಕಳ ಆಡುನುಡಿಯಲ್ಲಿ ಈ ಭೇದವೇ ಇಲ್ಲ. ಮಕ್ಕಳ ಪುಸ್ತಕಗಳಲ್ಲಿ ಈ ಅಕ್ಷರಗಳು ಎಷ್ಟು ಬಾರಿ ಬರುತ್ತವೆಂದು ಎಣಿಸಿ, ಕಡಿಮೆ ಬರುವುದನ್ನು ಎರಡು ವರ್ಷ ಮುಂದಕ್ಕೆ ಹಾಕುವುದಕ್ಕೆ ಯಾವ ಪಂಥದ ಒಪ್ಪಿಗೆಯೂ ಬೇಕಿರಲಿಲ್ಲ. ಆ ಎಣಿಕೆ ಕನ್ನಡ ವಿಭಾಗದ ಕೆಲಸ. ಒಂದರಿಂದ ಐದರವರೆಗಿನ ಪಠ್ಯಪುಸ್ತಕಗಳಲ್ಲಿ ಯಾವ ಅಕ್ಷರ, ಯಾವ ಕಾಗುಣಿತ ರೂಪ, ಯಾವ ಒತ್ತು ಎಲ್ಲಿ ಮೊದಲು ಬರುತ್ತದೆ, ಎಷ್ಟು ಬಾರಿ ಮರಳಿ ಬರುತ್ತದೆ ಎಂಬ ಪಟ್ಟಿ ಒಂದು ಎಂ.ಫಿಲ್. ಪ್ರಬಂಧದ ಗಾತ್ರದ ಶ್ರಮ. ಅಂಥ ಪಟ್ಟಿಯಿದ್ದರೆ ಪಠ್ಯ ರಚಿಸುವ ಸಮಿತಿ ಎರಡನೆಯ ತರಗತಿಯ ಪದ್ಯವೊಂದರಲ್ಲಿ ಮಗು ಇನ್ನೂ ಕಾಣದ ಏಳು ಒತ್ತುಗಳನ್ನು ತುರುಕುವ ಮುನ್ನ ಯೋಚಿಸೀತು.

ಎರಡನೆಯದು ಓದಿನ ಪಠ್ಯಗಳ ರಚನೆ. ಐದೇ ಅಕ್ಷರಗಳು ಗೊತ್ತಿರುವ ಮಗುವಿಗೆ ಓದತಕ್ಕ ನಾಲ್ಕು ಸಾಲು ಬರೆಯುವುದು ಛಂದಸ್ಸಿನ ಯಾವ ನಿಯಮಕ್ಕಿಂತಲೂ ಬಿಗಿಯಾದ ನಿಯಮದೊಳಗೆ ಬರೆಯುವುದು. ಅದಕ್ಕೆ ಕವಿಗಳು ಬೇಕು. ವಿಭಾಗಗಳಲ್ಲಿ ಕವಿಗಳ ಕೊರತೆಯಂತೂ ಇಲ್ಲ. ಮೂರನೆಯದು ಜಿಲ್ಲೆಗೊಂದರಂತೆ ಶಿಕ್ಷಕರಿಗಾಗಿ ನುಡಿಕೈಪಿಡಿ: ಈ ಸೀಮೆಯ ಮಗು ಯಾವ ಧ್ವನಿಯನ್ನು ಯಾವುದಾಗಿ ಆಡುತ್ತದ, ಯಾವುದನ್ನು ತಿದ್ದಬಾರದು, ಯಾವುದನ್ನು ತಿದ್ದಬೇಕು, ಯಾವ ಪದಗಳು ಇಲ್ಲಿ ಬೇರೆ ಅರ್ಥದಲ್ಲಿವೆ. ಉಪಭಾಷೆಗಳ ಅಧ್ಯಯನದಲ್ಲಿ ದಶಕಗಳಿಂದ ಕೂಡಿಬಂದ ಸಾಮಗ್ರಿಯನ್ನು ಇಪ್ಪತ್ತು ಪುಟಗಳಿಗೆ ಇಳಿಸುವುದು ಅಷ್ಟೇನೂ ಕಷ್ಟವಲ್ಲ.

ಸ್ನಾತಕೋತ್ತರ ತರಗತಿಯ ಕಿರುಪ್ರಬಂಧಕ್ಕೆ ಇದನ್ನು ವಿಷಯವಾಗಿಸುವುದರಿಂದ ಆರಂಭಿಸಬಹುದು. ವಿದ್ಯಾರ್ಥಿಯೊಬ್ಬ ಹತ್ತಿರದ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ವಾರ, ವಾರಕ್ಕೆರಡು ದಿನ ನಾಲ್ಕನೆಯ ತರಗತಿಯ ಮಕ್ಕಳಿಂದ ಒಂದೊಂದು ಪುಟ ಓದಿಸಿ, ಎಡವಿದ ಪ್ರತಿ ಅಕ್ಷರವನ್ನೂ ಅದು ಲಿಪಿಯ ಎಡವೋ ನುಡಿಯ ಭೇದವೋ ಎಂದು ಬೇರ್ಪಡಿಸಿ ಬರೆದುಕೊಳ್ಳಲಿ. ಆ ದಾಖಲೆಯ ಒಂದು ಪ್ರತಿಯನ್ನು ಮೊದಲು ಆ ಶಾಲೆಯ ಮುಖ್ಯಶಿಕ್ಷಕರಿಗೆ, ಅವರ ಮುಂದಿನ ತಿಂಗಳ ಗುಂಪುಗಳನ್ನು ಮಾಡಿಕೊಳ್ಳಲು ಅನುಕೂಲವಾಗುವಂತೆ, ಕೈಬರಹದಲ್ಲಾದರೂ ಸರಿ, ಕೊಟ್ಟುಬರಲಿ. ಪತ್ರಿಕೆಗೆ ಬರೆಯುವ ಲೇಖನ ಆ ಬಳಿಕ ಬರಲಿ.